ಪಂಕ್ತಿಯಲ್ಲಿ ಪಕ್ಕ ಕೂತವರು

ಬಾದಾಮಿ ತಾಲ್ಲೂಕಿನ ಶಿವಯೋಗಮಂದಿರದ ದಂಡೆ ದಾಟಿ, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು, ಮಲಪ್ರಭೆ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಹಳೆಯ ಕಾವ್ಯಗಳಲ್ಲಿ ಈ ಊರಿನ ಹೆಸರು ಕಪ್ಪಡಿಸಂಗಮ. ಇಂದು ಇಲ್ಲಿಗೆ ಬರುವವರು ಚಾಲುಕ್ಯ ಶೈಲಿಯ ಸಂಗಮನಾಥನ ಗುಡಿ ನೋಡುತ್ತಾರೆ. ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ, ಬಾವಿಯಂಥ ಗೋಡೆಯೊಳಗೆ ಉಳಿಸಿಕೊಂಡಿರುವ ಐಕ್ಯಮಂಟಪಕ್ಕೆ ಇಳಿದು ಕೈಮುಗಿದು ಹೊರಡುತ್ತಾರೆ. ಬಸವಣ್ಣನವರು ಐಕ್ಯರಾದ ಸ್ಥಳವೆಂದೇ ಇದರ ಪ್ರಸಿದ್ಧಿ. ಅದಕ್ಕೂ ಮೊದಲು ಇದು ಅವರು ವಿದ್ಯಾರ್ಥಿಯಾಗಿದ್ದ ಊರು ಎಂಬುದು ನಮಗೆ ಅಷ್ಟಾಗಿ ನೆನಪಾಗುವುದಿಲ್ಲ.

ಮನೆ ಬಿಟ್ಟು ಓದಲು ಬಂದ ಹುಡುಗನಿಗೆ ಮೊದಲು ಬೇಕಾಗುವುದು ಮೂರು: ಮಲಗಲು ಜಾಗ, ಎರಡು ಹೊತ್ತಿನ ಊಟ, ಮಾತಾಡಲು ಯಾರಾದರೊಬ್ಬರು. ಮೊದಲನೆಯ ಎರಡು ಎಲ್ಲಿ ಸಿಗುತ್ತವೋ ಮೂರನೆಯದೂ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ. ತರಗತಿಯಲ್ಲಿ ಪಕ್ಕ ಕೂತವನ ಹೆಸರನ್ನು ಹತ್ತು ವರ್ಷದ ಮೇಲೆ ಮರೆಯಬಹುದು, ಊಟದ ಸಾಲಿನಲ್ಲಿ ಪಕ್ಕ ಕೂತವನ ಹೆಸರನ್ನು ಮರೆಯುವುದು ಕಷ್ಟ. ಆದ್ದರಿಂದ ನಮ್ಮ ನಾಡಿನ ವಿದ್ಯಾರ್ಥಿಗಳ ಗೆಳೆತನದ ಚರಿತ್ರೆಯನ್ನು ಬರೆಯುವವರು ಪಾಠದ ಕೋಣೆಯಿಂದಲ್ಲ, ಅಡುಗೆಮನೆಯಿಂದ ಶುರುಮಾಡಬೇಕು. ಅನ್ನ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಪಂಕ್ತಿಯಲ್ಲಿ ಯಾರ ಪಕ್ಕ ಯಾರನ್ನು ಕೂರಿಸಿದರು ಎಂಬ ಮೂರು ಪ್ರಶ್ನೆಗಳಲ್ಲಿ ಆ ಚರಿತ್ರೆಯ ಬಹುಪಾಲು ಅಡಗಿದೆ.

*

ಕನ್ನಡ ನಾಡಿನ ವಿದ್ಯಾರ್ಥಿಗಳ ಪೈಕಿ ನಮಗೆ ಹೆಸರು ತಿಳಿದ ಮೊದಲಿಗರಲ್ಲಿ ಒಬ್ಬ ಮಯೂರಶರ್ಮ. ತಾಳಗುಂದದ ಶಾಸನ ಹೇಳುವಂತೆ, ಅವನು ಗುರು ವೀರಶರ್ಮನ ಜೊತೆ ಹೆಚ್ಚಿನ ಓದಿಗಾಗಿ ಪಲ್ಲವರ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ಅವಮಾನ ತಾಳದೆ ಓದು ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ನಾಲ್ಕನೇ ಶತಮಾನದ ಈ ಕಥೆಯನ್ನು ನಾವು ಸಾಮಾನ್ಯವಾಗಿ ಶೌರ್ಯದ ಕಥೆಯಾಗಿ ಓದುತ್ತೇವೆ. ಪರಊರಿಗೆ ಓದಲು ಹೋದವನೊಬ್ಬ ಅಲ್ಲಿ ತನ್ನವರನ್ನು ಕಾಣದೆ ಸಿಟ್ಟಿನಿಂದ ಹಿಂತಿರುಗಿದ ಕಥೆಯೂ ಅದರೊಳಗಿದೆ. ಹಾಗೆ ಹಿಂತಿರುಗಿದವರೆಲ್ಲ ರಾಜ್ಯ ಕಟ್ಟಲಿಲ್ಲ. ಹೆಚ್ಚಿನವರು ಗಂಟುಮೂಟೆ ಹೊತ್ತು ಮನೆ ಸೇರಿದರು, ಅವರ ಬಗ್ಗೆ ಯಾರೂ ಶಾಸನ ಬರೆಸಲಿಲ್ಲ.

ವಿದ್ಯಾರ್ಥಿಗಳು ಹೀಗೆ ಹಿಂತಿರುಗದಂತೆ ನೋಡಿಕೊಳ್ಳಲು ಏನು ಮಾಡಬೇಕೆಂದು ಯೋಚಿಸಿದವರ ದಾಖಲೆ ಈಗಿನ ವಿಜಯಪುರ ಜಿಲ್ಲೆಯಲ್ಲಿದೆ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಮೇಲಿನ ಶಾಸನ ಕ್ರಿ.ಶ. 945ರದು. ಆಗ ಆ ಊರು ಪಾವಿಟ್ಟಗೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ಶಾಲೆಯಿಂದಾಗಿಯೇ ಊರಿಗೆ ‘ಸಾಲೋಟಗಿ’ ಎಂಬ ಹೆಸರು ಬಂತೆಂದು ವಿದ್ವಾಂಸರು ಹೇಳುತ್ತಾರೆ. ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ಮನೆಗಳನ್ನು ಕೊಟ್ಟದ್ದು ಆ ಶಾಸನದಲ್ಲಿದೆ. ಉಪಾಧ್ಯಾಯನಿಗೆ ಭೂಮಿ ಬಿಟ್ಟರು. ರಾತ್ರಿ ಓದಲು ದೀಪ ಬೇಕಲ್ಲ, ಅದರ ಎಣ್ಣೆಯ ಖರ್ಚಿಗೆ 12 ನಿವರ್ತನ ಹೊಲ ಬಿಟ್ಟರು. ಇಷ್ಟು ಸಾಲದೆಂದು ಊರವರೂ ಕೈಜೋಡಿಸಿದರು: ಮನೆಯಲ್ಲಿ ಮದುವೆಯಾದರೆ ಇಷ್ಟು, ಮುಂಜಿಯಾದರೆ ಅದರರ್ಧ, ಜವಳ ತೆಗೆದರೆ ಅದರ ಅರ್ಧ ಶಾಲೆಗೆ. ಊರಿನ ಸಂತೋಷದ ಒಂದು ಪಾಲು ದೂರದಿಂದ ಬಂದ ಹುಡುಗರಿಗೆ ತಾನಾಗಿ ಸಲ್ಲುವ ಏರ್ಪಾಡು ಇದು. ಸಾವಿರ ವರ್ಷದ ಹಿಂದೆ ಇದನ್ನು ಕಲ್ಲಿನಲ್ಲಿ ಕೊರೆಸಿದವರು ಹಾಸ್ಟೆಲ್ಲಿನ ಕಷ್ಟಸುಖ ತಿಳಿದವರೇ ಇರಬೇಕು.

ಅಂಥದೇ ಇನ್ನೊಂದು ನೆಲೆ ಈಗಿನ ಕಲಬುರಗಿ ಜಿಲ್ಲೆಯ ಚಿತ್ತಾಪುರ ಬಳಿಯ ನಾಗಾವಿ. 1058ರ ಶಾಸನದಲ್ಲಿ ಅಲ್ಲಿನ ಘಟಿಕಾಸ್ಥಾನದ ವಿವರವಿದೆ. ವೇದ ಓದುವವರು 200 ಜನ, ಶಾಸ್ತ್ರ ಓದುವವರು ಐವತ್ತರ ಆಸುಪಾಸು, ಪುಸ್ತಕ ಭಂಡಾರ ನೋಡಿಕೊಳ್ಳಲೆಂದೇ ಆರು ಮಂದಿ. ಇನ್ನೂರೈವತ್ತು ಹುಡುಗರು ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಒಟ್ಟಿಗೆ ಬಾಯಿಪಾಠ ಮಾಡುತ್ತಿದ್ದ ಆ ಗದ್ದಲವನ್ನು ಈಗ ಅಲ್ಲಿ ಉಳಿದಿರುವ ಕಂಬಗಳ ನಡುವೆ ನಿಂತು ಊಹಿಸಿಕೊಳ್ಳಬಹುದು.

ಆದರೆ ಈ ಎಲ್ಲ ಏರ್ಪಾಡಿಗೆ ಒಂದು ಗೆರೆ ಇತ್ತು. ಸಾಲೋಟಗಿಯ ಶಾಲೆಗೂ ನಾಗಾವಿಯ ಘಟಿಕೆಗೂ ಹೊರಗಿನಿಂದ ಬಂದ ಹುಡುಗರು ದೇಶದಿಂದ ಬೇರೆಯವರು, ಜಾತಿಯಿಂದ ಒಂದೇ. ಪಂಕ್ತಿ ಉದ್ದವಾಗಿತ್ತು, ಅಗಲವಾಗಿರಲಿಲ್ಲ. ಆ ಮನೆಗಳಿಗೆ ಕಲ್ಲು ಹೊತ್ತವರ, ದೀಪಕ್ಕೆ ಎಣ್ಣೆ ತೆಗೆದವರ, ಆ 12 ನಿವರ್ತನ ಹೊಲ ಉತ್ತವರ ಮಕ್ಕಳು ಆ ಸಾಲಿನಲ್ಲಿ ಕೂರುವಂತಿರಲಿಲ್ಲ.

*

ಈ ಹಿನ್ನೆಲೆಯಲ್ಲಿ ಕಪ್ಪಡಿಸಂಗಮಕ್ಕೆ ಬಂದ ಹುಡುಗನನ್ನು ನೋಡಬೇಕು. ಬಸವಣ್ಣನವರ ಬಾಲ್ಯದ ಬಗ್ಗೆ ಕಾವ್ಯಗಳಲ್ಲಿ ಒಂದೇ ಮಾತಿಲ್ಲ. ನಂತರದ ಪುರಾಣಗಳಲ್ಲಿ ಬಾಲಕ ಮುಂಜಿಯನ್ನೇ ಬೇಡವೆಂದು ಮನೆಬಿಟ್ಟ. ಅವರಿಗೆ ಕಾಲದಲ್ಲಿ ಹತ್ತಿರದವನಾದ ಹರಿಹರನ ರಗಳೆಯಲ್ಲಿ ಅವರು ತಂದೆತಾಯಿ ತೀರಿಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದವರು. ಹದಿಹರೆಯದಲ್ಲಿ ಜನಿವಾರ ಹರಿದೊಗೆದು ಕಪ್ಪಡಿಸಂಗಮದ ದಾರಿ ಹಿಡಿದವರು. ಅಕ್ಕ ನಾಗಮ್ಮನೂ ಜೊತೆಗೆ ಬಂದಳು ಎಂಬುದು ಪರಂಪರೆಯ ನೆನಪು. ಯಾವ ಕಥೆಯನ್ನು ಒಪ್ಪಿದರೂ ಒಂದು ಸಂಗತಿ ಸಮಾನ: ಹುಟ್ಟಿನಿಂದ ಸಿಕ್ಕ ಬಳಗವನ್ನು ಬಿಟ್ಟು, ಇನ್ನೊಂದು ಬಳಗ ಕಣ್ಣಿಗೆ ಕಾಣುವ ಮೊದಲೇ ಹೊರಟ ಹುಡುಗ ಅವರು.

ಸಂಗಮದಲ್ಲಿ ಸ್ಥಾನಪತಿ ಈಶಾನ್ಯಗುರು ಅವರನ್ನು ಇರಿಸಿಕೊಂಡರು. ಪರಂಪರೆ ಅವರನ್ನೇ ಜಾತವೇದಮುನಿ ಎಂದು ಕರೆಯುತ್ತದೆ. ಸಂಗಮನಾಥನ ಪೂಜೆಯ ಕೆಲಸ, ಗುಡಿಯ ಪ್ರಸಾದದ ಊಟ, ಜೊತೆಗೆ ಓದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಕೆಲಸ ಮಾಡುತ್ತ ಕಲಿತ ವಿದ್ಯಾರ್ಥಿ. ಹನ್ನೆರಡು ವರ್ಷ ಅಲ್ಲಿದ್ದರೆಂದು ಹೇಳುವುದುಂಟು. ಆ ವರ್ಷಗಳಲ್ಲಿ ಅವರ ಜೊತೆಗಾರರು ಯಾರಿದ್ದರು, ಹೊಳೆದಂಡೆಯಲ್ಲಿ ಯಾರ ಜೊತೆ ಕೂತು ಸಂಜೆ ಕಳೆದರು ಎಂಬುದನ್ನು ಕಾವ್ಯಗಳು ಹೇಳುವುದಿಲ್ಲ. ಆದರೆ ಆ ಊರು ಅವರೊಳಗೆ ಎಷ್ಟು ಇಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮುಂದೆ ಮಂಗಳವಾಡದಲ್ಲಿ ಬಿಜ್ಜಳನ ಕರಣಿಕನಾಗಿ, ಕಲ್ಯಾಣದಲ್ಲಿ ಭಂಡಾರಿಯಾಗಿ ಬಾಳಿದಾಗಲೂ ಅವರ ವಚನಗಳ ಕೊನೆಗೆ ಬಂದು ನಿಂತದ್ದು ಕೂಡಲಸಂಗಮದೇವನ ಹೆಸರು. ಹುಟ್ಟಿದ ಬಾಗೇವಾಡಿಯ ಹೆಸರಲ್ಲ, ಅಧಿಕಾರ ಕೊಟ್ಟ ಕಲ್ಯಾಣದ ಹೆಸರಲ್ಲ. ದಿಕ್ಕಿಲ್ಲದೆ ಬಂದಾಗ ಅನ್ನ ಕೊಟ್ಟು ಓದಿಸಿದ ಊರಿನ ದೇವರ ಹೆಸರು. ಓದಿದ ಜಾಗವನ್ನು ಜೀವನವಿಡೀ ಅಂಕಿತವಾಗಿ ಇಟ್ಟುಕೊಂಡ ವಿದ್ಯಾರ್ಥಿ ಇನ್ನೊಬ್ಬರಿದ್ದಾರೆಯೇ ಎಂದು ಹುಡುಕಬೇಕು.

ಸಂಗಮದಲ್ಲಿ ಆಶ್ರಯ ಪಡೆದ ಅವರು ಕಲ್ಯಾಣದಲ್ಲಿ ಆಶ್ರಯ ಕೊಡುವ ಕಡೆಗೆ ನಿಂತರು. ಅನುಭವ ಮಂಟಪ ಒಂದು ಕಟ್ಟಡವಾಗಿತ್ತೋ, ಸೇರಿದಲ್ಲೆಲ್ಲ ನಡೆದ ಗೋಷ್ಠಿಯ ಹೆಸರೋ ಎಂಬ ವಾದ ವಿದ್ವಾಂಸರಲ್ಲಿ ಇದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ, ನುಲಿಯ ಚಂದಯ್ಯ ಒಬ್ಬರಿಗೊಬ್ಬರು ಮಾತಾಡಿಕೊಂಡರು, ವಾದ ಮಾಡಿದರು ಎಂಬುದಕ್ಕೆ ವಚನಗಳೇ ಸಾಕ್ಷಿ. ದಾಸೋಹದ ಪಂಕ್ತಿಯಲ್ಲಿ ಕೂರಲು ಕಸುಬು ಅಡ್ಡ ಬರಲಿಲ್ಲ. ಆ ಪಂಕ್ತಿ ಎಲ್ಲಿಯವರೆಗೆ ಹೋಯಿತೆಂದರೆ, ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು ಎಂದು ಪರಂಪರೆ ಹೇಳುತ್ತದೆ. ಒಟ್ಟಿಗೆ ಉಣ್ಣುವುದನ್ನು ಹೇಗೋ ಸಹಿಸಿಕೊಂಡ ಕಲ್ಯಾಣ ಈ ಮದುವೆಯನ್ನು ಸಹಿಸಲಿಲ್ಲ. ಶರಣರು ಚೆದುರಿದರು, ಬಸವಣ್ಣನವರು ಓದಿದ ಊರಿಗೇ ಮರಳಿದರು. ಪಂಕ್ತಿಯಿಂದ ಮುಂದಕ್ಕೆ ಹೋದ ಗೆಳೆತನಕ್ಕೆ ಸಮಾಜ ಕೇಳುವ ಬೆಲೆ ಎಷ್ಟೆಂಬುದು ಆಗಲೇ ಗೊತ್ತಾಗಿತ್ತು.

*

ಮುಂದಿನ ಏಳು ಶತಮಾನಗಳನ್ನು ದಾಟಿ 19ನೇ ಶತಮಾನದ ಕೊನೆಗೆ ಬರೋಣ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡಗಳೆಲ್ಲ ಆಗ ಮುಂಬಯಿ ಪ್ರಾಂತ್ಯದಲ್ಲಿ. ಇಡೀ ಕನ್ನಡ ಭಾಗಕ್ಕೆ ಒಂದು ಕಾಲೇಜೂ ಇರಲಿಲ್ಲ. ಮೆಟ್ರಿಕ್ ಮುಗಿಸಿದ ಹುಡುಗ ಮುಂದೆ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕು. ಊಟವೂ ಬೇರೆ, ಭಾಷೆಯೂ ಬೇರೆ.

ಊರಲ್ಲೇ ಹೈಸ್ಕೂಲು ಓದುವ ಬಡ ಹುಡುಗರಿಗೂ ಅನ್ನದ ದಾರಿಗಳು ಎರಡೇ. ಬ್ರಾಹ್ಮಣರ ಹುಡುಗರಿಗೆ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳು ವಾರಕ್ಕೆ ಏಳು ಮನೆ ಸಿಕ್ಕರೆ ಅದೃಷ್ಟ, ಐದೇ ಸಿಕ್ಕರೆ ಎರಡು ದಿನ ಉಪವಾಸ. ಮಠ ಸೇರಿದ ಹುಡುಗರಿಗೆ ಕಂತಿಭಿಕ್ಷೆ: ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ತಂದ ರೊಟ್ಟಿ, ಪಲ್ಯ, ನುಚ್ಚನ್ನು ಒಂದೆಡೆ ಸುರಿದು ಎಲ್ಲರೂ ಹಂಚಿಕೊಂಡು ಉಣ್ಣುವುದು. ಈ ಎರಡರ ನಡುವೆ ಒಂದು ವ್ಯತ್ಯಾಸವಿದೆ. ವಾರಾನ್ನದ ಹುಡುಗ ಒಬ್ಬನೇ ಪರರ ಮನೆಯ ಮೂಲೆಯಲ್ಲಿ ತಲೆತಗ್ಗಿಸಿ ಕೂತು ಉಣ್ಣುತ್ತಾನೆ. ಅವನಿಗೆ ಅನ್ನ ಸಿಗುತ್ತದೆ, ಸಂಗಾತಿ ಸಿಗುವುದಿಲ್ಲ. ಜೋಳಿಗೆಯ ಹುಡುಗರು ಹತ್ತು ಮನೆಯ ರೊಟ್ಟಿಯನ್ನು ಹತ್ತು ಜನ ಹಂಚಿಕೊಳ್ಳುತ್ತಾರೆ. ಯಾರ ಮನೆಯ ರೊಟ್ಟಿ ಯಾರ ಹೊಟ್ಟೆಗೆ ಎಂಬ ಲೆಕ್ಕ ಅಲ್ಲಿ ಉಳಿಯುವುದಿಲ್ಲ. ಈ ಎರಡೂ ಏರ್ಪಾಡುಗಳ ಹೊರಗೆ ಉಳಿದವರು ದಲಿತರ ಮಕ್ಕಳು. ಅವರಿಗೆ ಸಾಲಿಯ ಬಾಗಿಲೇ ತೆರೆದಿರಲಿಲ್ಲ, ಊಟದ ಮಾತು ಆಮೇಲಿನದು.

ಬಡತನದ ಈ ಚದುರಿದ ದಾರಿಗಳನ್ನು ಸಂಸ್ಥೆಗಳಾಗಿ ಕಟ್ಟುವ ಕೆಲಸ ಆಗ ಶುರುವಾಯಿತು. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡರು ಮುಂತಾದವರು ಲಿಂಗಾಯತ ವಿದ್ಯಾರ್ಥಿಗಳ ನೆರವಿಗೆ ನಿಧಿ ಕಟ್ಟಿದರು. ಬಾಗಲಕೋಟೆಯಲ್ಲಿ 1906ರಲ್ಲಿ ಬೀಳೂರು ಗುರುಬಸವ ಸ್ವಾಮಿಗಳು ಬಸವೇಶ್ವರ ವಿದ್ಯಾವರ್ಧಕ ಸಂಘ ಸ್ಥಾಪಿಸಿದರು. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಬಾದಾಮಿ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದರು. ವಿಜಯಪುರದ ಬಿ.ಎಲ್.ಡಿ.ಇ. 1910ರದು. ಬೆಳಗಾವಿಯ ಕೆ.ಎಲ್.ಇ. ಏಳು ಜನ ಶಿಕ್ಷಕರು ಸೇರಿ 1916ರಲ್ಲಿ ಆರಂಭಿಸಿದ್ದು. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂತು. ಅದೇ ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದನಿಲಯದ ಅನ್ನ ಉಂಡು ಓದಿದವರು ಉತ್ತರ ಕರ್ನಾಟಕದ ಊರೂರಿನಲ್ಲೂ ಇದ್ದಾರೆ.

ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಒಂದೊಂದೇ ಬೋರ್ಡಿಂಗು ತೆರೆಯುತ್ತ ಬಂದರು. ಮರಾಠರಿಗೊಂದು, ಜೈನರಿಗೊಂದು, ಲಿಂಗಾಯತರಿಗೊಂದು, ಮುಸ್ಲಿಮರಿಗೊಂದು, ಅಸ್ಪೃಶ್ಯರೆನಿಸಿಕೊಂಡವರಿಗೊಂದು. ಒಂದೇ ಬೋರ್ಡಿಂಗಿನಲ್ಲಿ ಎಲ್ಲರನ್ನೂ ಇಟ್ಟರೆ ಯಾರೂ ಬರಲಾರರೆಂಬುದು ಆ ಕಾಲದ ವಾಸ್ತವ. ಹಾಗಾಗಿ ಒಂದೊಂದು ಜಾತಿಗೂ ಒಂದೊಂದು ಬಾಗಿಲು. ಇದು ನಮ್ಮಲ್ಲಿ ಮಾತ್ರ ಇದ್ದ ರೀತಿಯಲ್ಲ. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲೂ ವಿದ್ಯಾರ್ಥಿಗಳು ಊರು ಸೀಮೆಗಳ ಪ್ರಕಾರ ‘ನೇಶನ್’ಗಳಾಗಿ ಗುಂಪು ಕಟ್ಟಿಕೊಂಡಿದ್ದರು. ಪ್ಯಾರಿಸ್ಸಿನ ಸೋರ್ಬೋನ್ 13ನೇ ಶತಮಾನದಲ್ಲಿ ಹುಟ್ಟಿದ್ದು ಬಡ ವಿದ್ಯಾರ್ಥಿಗಳ ವಸತಿಯಾಗಿಯೇ. ‘ಕಾಲೇಜು’ ಎಂಬ ಪದಕ್ಕೆ ಅಲ್ಲಿ ಮೊದಲಿದ್ದ ಅರ್ಥ ಪಾಠದ ಕಟ್ಟಡಕ್ಕಿಂತ ಒಟ್ಟಿಗೆ ಇರುವ ಬಳಗಕ್ಕೆ ಹತ್ತಿರವಾದುದು.

ಜಾತಿಯ ಹೆಸರಿನ ಬೋರ್ಡಿಂಗುಗಳನ್ನು ಇವತ್ತಿನ ಕಣ್ಣಿನಿಂದ ಬೈಯುವುದು ಸುಲಭ. ಅವು ಇರದಿದ್ದರೆ ಮೊದಲ ತಲೆಮಾರಿನ ಹುಡುಗರು ಓದುತ್ತಲೇ ಇರಲಿಲ್ಲ. ಹಳ್ಳಿಯಿಂದ ಬಂದವನಿಗೆ ತನ್ನಂತೆಯೇ ಮಾತಾಡುವ, ತನ್ನಂತೆಯೇ ಉಣ್ಣುವ ನಾಲ್ಕು ಜನ ಕಂಡಾಗ ಸಿಗುವ ಧೈರ್ಯ ಸಣ್ಣದಲ್ಲ. ಆದರೆ ಆ ಬಾಗಿಲು ಒಳಗೆ ಕರೆದುಕೊಂಡಷ್ಟೇ ಗಟ್ಟಿಯಾಗಿ ಹೊರಗೂ ಇಟ್ಟಿತು. ಹುಡುಗ ಮನೆಯಿಂದ ನೂರು ಮೈಲಿ ದೂರ ಬಂದು, ಬಿಟ್ಟುಬಂದ ಬಳಗವನ್ನೇ ಮತ್ತೆ ಸೇರಿಕೊಂಡ. ಸಾಲೋಟಗಿಯ ಗೆರೆ ಹೊಸ ಹೆಸರುಗಳಲ್ಲಿ ಮುಂದುವರಿಯಿತು.

*

ಹಾಗಿದ್ದೂ ಗೆರೆ ದಾಟಿದ ಗೆಳೆತನಗಳು ಇದ್ದವು. ನಮ್ಮ ಸಾಂಸ್ಕೃತಿಕ ಚರಿತ್ರೆಯ ದೊಡ್ಡ ಕೆಲಸಗಳಲ್ಲಿ ಕೆಲವು ಅಂಥ ಗೆಳೆತನಗಳ ಸುತ್ತ ಹುಟ್ಟಿದವು.

ಮುಂಬಯಿಯಲ್ಲಿ ಓದುತ್ತಿದ್ದ ದಿನಗಳಲ್ಲಿ ಫ. ಗು. ಹಳಕಟ್ಟಿ ಮತ್ತು ಆಲೂರು ವೆಂಕಟರಾಯರ ನಡುವೆ ಸ್ನೇಹ ಬೆಳೆಯಿತು. ಒಬ್ಬರು ಧಾರವಾಡದ ಲಿಂಗಾಯತ ಮನೆತನದವರು, ಇನ್ನೊಬ್ಬರು ಮಾಧ್ವ ಬ್ರಾಹ್ಮಣರು. ಊರಲ್ಲೇ ಉಳಿದಿದ್ದರೆ ಇಬ್ಬರ ಓಣಿಗಳೂ ಬೇರೆ, ಪಂಕ್ತಿಗಳೂ ಬೇರೆ. ಮರಾಠಿ, ಗುಜರಾತಿ, ಇಂಗ್ಲಿಷಿನ ಆ ಮಹಾನಗರದಲ್ಲಿ ಇಬ್ಬರಿಗೂ ಉಳಿದ ಗುರುತು ಕನ್ನಡ ಒಂದೇ. ಆಲೂರರು ಹಿಂತಿರುಗಿ ಕರ್ನಾಟಕ ಏಕೀಕರಣದ ಕನಸನ್ನು ಊರೂರಿಗೆ ಹೊತ್ತರು. ವಿಜಯಪುರದಲ್ಲಿ ವಕೀಲಿ ಮಾಡುತ್ತ ಹಳಕಟ್ಟಿಯವರು ರಬಕವಿ–ಬನಹಟ್ಟಿ ಕಡೆಯ ಮನೆಗಳಿಂದ ಮೊದಲುಗೊಂಡು ಊರೂರಿನ ತಾಳೆಗರಿ ಕಟ್ಟುಗಳನ್ನು ಹುಡುಕಿ ವಚನಗಳನ್ನು ಒಟ್ಟುಮಾಡಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಹೊರಬಂತು. ಅಚ್ಚಿನ ಸಾಲ ಮೈಮೇಲೆ ಬಿತ್ತು, ಮನೆ ಮಾರಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಕೂಡಲಸಂಗಮದ ವಿದ್ಯಾರ್ಥಿಯ ಮಾತುಗಳನ್ನು ಇಂದು ನಮ್ಮ ಕಾಲೇಜು ಹುಡುಗರು ಪಠ್ಯದಲ್ಲಿ ಓದುತ್ತಿದ್ದರೆ ಅದರ ಹಿಂದೆ ಮುಂಬಯಿಯಲ್ಲಿ ಕನ್ನಡದ ಗೆಳೆಯರನ್ನು ಕಂಡುಕೊಂಡ ಈ ಇನ್ನೊಬ್ಬ ವಿದ್ಯಾರ್ಥಿ ಇದ್ದಾರೆ.

ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಧಾರವಾಡಕ್ಕೆ ಮರಳಿದ ದ. ರಾ. ಬೇಂದ್ರೆಯವರ ಸುತ್ತ ಮುಂದಿನ ಕೆಲವೇ ವರ್ಷಗಳಲ್ಲಿ ಗೆಳೆಯರ ಗುಂಪು ಕೂಡಿಕೊಂಡಿತು. ಸಾಲಿ ಮಾಸ್ತರರಾಗಿದ್ದ ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಕರ್ನಾಟಕ ಕಾಲೇಜಿಗೆ ಓದಲು ಬಂದ ವಿನಾಯಕ ಗೋಕಾಕ, ರಂ. ಶ್ರೀ. ಮುಗಳಿ ಎಲ್ಲರೂ ಅಲ್ಲಿ ಸೇರಿದರು. ಕಾಲೇಜು ಹುಡುಗನಿಗೂ ಪದವಿಯ ಹಂಗಿಲ್ಲದ ಮಾಸ್ತರರಿಗೂ ಅಲ್ಲಿ ಒಂದೇ ಚಾಪೆ. ಓದಿದ ಡಿಗ್ರಿಯ ಗೆರೆಯನ್ನು ಆ ಗುಂಪು ಅಳಿಸಿತು. ಹುಟ್ಟಿನ ಗೆರೆಯನ್ನು ಅಷ್ಟಾಗಿ ದಾಟಲಿಲ್ಲ ಎಂಬುದನ್ನೂ ಹೇಳಬೇಕು. ಸದಸ್ಯರಲ್ಲಿ ಹೆಚ್ಚಿನವರು ಒಂದೇ ಸಮುದಾಯದವರು.

ಆ ಗೆರೆಯನ್ನು ಸದ್ದಿಲ್ಲದೆ ಅಳಿಸಿದ್ದು ಒಂದು ಸಂಗೀತ ಶಾಲೆ. ಕಣ್ಣಿಲ್ಲದ ಹುಡುಗ ಪಂಚಾಕ್ಷರಿಯನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ಶಿವಯೋಗಮಂದಿರದಲ್ಲಿ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಕಲಿತ ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ತಿರುಗುತ್ತ ಪಾಠ ಹೇಳಿದರು, ಕೊನೆಗೆ ಗದುಗಿನಲ್ಲಿ ನೆಲೆನಿಂತರು. ಬಸವರಾಜ ರಾಜಗುರು, ಅರ್ಜುನಸಾ ನಾಕೋಡರಂಥವರು ಆ ಬಳಗದಿಂದ ಬಂದವರು. 1944ರಲ್ಲಿ ಗವಾಯಿಗಳು ತೀರಿಕೊಂಡ ಮೇಲೆ, ತಾವೂ ಅಂಧರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ಯಾವ ಜಾತಿ ಎಂದು ಕೇಳದೆ ಅಂಧ, ಅನಾಥ ಮಕ್ಕಳನ್ನು ಸೇರಿಸಿಕೊಂಡು ಅನ್ನ, ಸ್ವರ ಎರಡನ್ನೂ ಕೊಟ್ಟ ಜಾಗ ಅದು. ಪಂಕ್ತಿಯಲ್ಲಿ ಪಕ್ಕ ಕೂತವನ ಮುಖವೇ ಕಾಣದ ಹುಡುಗರಿಗೆ ಗೆಳೆಯನ ಗುರುತು ಅವನ ಧ್ವನಿ ಮಾತ್ರ.

*

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೇ ಹಾಸ್ಟೆಲು ಕಟ್ಟಿತು. 1970ರ ದಶಕದಲ್ಲಿ, ಅರಸು ಅವರ ಕಾಲದಲ್ಲಿ, ಅವು ತಾಲ್ಲೂಕು ತಾಲ್ಲೂಕಿಗೆ ಹಬ್ಬಿದವು. ಶತಮಾನಗಳಿಂದ ಯಾವ ಪಂಕ್ತಿಗೂ ಸೇರದವರ ಮಕ್ಕಳು ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಒಂದು ಸೂರಿನಡಿ ಸೇರಿದರು. ಆ ಹಾಸ್ಟೆಲುಗಳಲ್ಲಿ ನೀರಿನಂಥ ಸಾರು, ಸೋರುವ ಮಾಳಿಗೆ, ತಿಗಣೆಯ ಮಂಚ ಎಲ್ಲವೂ ಇದ್ದವು. ಆದರೆ ನನ್ನ ಊರಿನಲ್ಲಿ ನಡೆದದ್ದು ನಿನ್ನ ಊರಿನಲ್ಲೂ ನಡೆದಿದೆ ಎಂಬ ಮಾತು ರಾತ್ರಿ ಹೊತ್ತು ಹಾಸಿಗೆಯಿಂದ ಹಾಸಿಗೆಗೆ ದಾಟಿದ್ದೂ ಅಲ್ಲಿಯೇ. ಒಂಟಿ ಅವಮಾನ ಹಂಚಿಕೊಂಡ ಅವಮಾನವಾದಾಗ ಅದಕ್ಕೆ ಬೇರೆಯದೇ ಶಕ್ತಿ ಬರುತ್ತದೆ.

ಬೆಂಗಳೂರು ಶ್ರೀರಾಮಪುರದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ದಿನಗಳನ್ನು ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ನಗುನಗುತ್ತಲೇ ಬರೆದಿದ್ದಾರೆ. ಹಸಿವಿನ ಕಥೆಯನ್ನು ಹೇಳುವಾಗಲೂ ಅವರು ನಗಿಸುವುದು ಅದನ್ನು ಒಬ್ಬರೇ ಅನುಭವಿಸಲಿಲ್ಲ ಎಂಬ ಕಾರಣಕ್ಕೆ. ಅವರ ಕಾಲೇಜು ದಿನಗಳ ಗೆಳೆಯ ಡಿ. ಆರ್. ನಾಗರಾಜ್ ದೊಡ್ಡಬಳ್ಳಾಪುರದ ನೇಕಾರರ ಮನೆಯಿಂದ ಬಂದವರು. ಇಲಕಲ್ಲಿನ ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಆ ಮನೆ ಎಂಥದಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಕೇರಿಯಿಂದ, ಒಬ್ಬರು ಮಗ್ಗದಿಂದ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗ‍ಪ್ಪನವರ ‘ಬೂಸಾ’ ಮಾತಿನ ನೆಪದಲ್ಲಿ ಗಲಭೆಯೆದ್ದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಜೊತೆಗೆ ಓದುತ್ತಿದ್ದವರೇ ಕಲ್ಲು ಎತ್ತಿದಾಗ ಯಾರು ಗೆಳೆಯ, ಯಾರು ಸಹಪಾಠಿ ಮಾತ್ರ ಎಂಬುದು ತಿಳಿಯಿತು. ಮುಂದಿನ ಕೆಲವು ವರ್ಷಗಳಲ್ಲಿ ಕಟ್ಟಿಕೊಂಡ ದಲಿತ ಸಂಘರ್ಷ ಸಮಿತಿಯ ಬೇರು ಆ ಹಾಸ್ಟೆಲುಗಳ ಕೋಣೆಗಳಲ್ಲಿದೆ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂತು.

ಜಾತಿಯ ಹೆಸರಿನ ಬೋರ್ಡಿಂಗಿಗೂ ಈ ಹಾಸ್ಟೆಲಿಗೂ ಏನು ಅಂತರ ಎಂದು ಕೇಳಬಹುದು. ಎರಡೂ ಒಂದು ಸಮುದಾಯದವರನ್ನು ಒಟ್ಟುಗೂಡಿಸಿದವೇ. ಒಳಗೆ ಸೇರಿದವರು ಆಮೇಲೆ ಯಾವ ಕಡೆ ನಡೆದರು ಎಂಬುದರಲ್ಲಿ ಅಂತರವಿದೆ. ತನ್ನವರ ನಡುವೆ ಧೈರ್ಯ ಪಡೆದ ಹುಡುಗ ಆ ಧೈರ್ಯದಿಂದ ಹೊರಗಿನವನತ್ತ ಕೈಚಾಚಿದರೆ ಹಾಸ್ಟೆಲು ಸಾರ್ಥಕ. ಕೋಟೆಯೊಳಗೆ ಕೂತುಬಿಟ್ಟರೆ ಅದು ಊರಿನ ಓಣಿಯ ಮುಂದುವರಿಕೆ, ಅಷ್ಟೇ. ಕೇರಿಯ ಹುಡುಗನೂ ನೇಕಾರರ ಹುಡುಗನೂ ಜೊತೆಗೂಡಿ ಓದಿ, ಚರ್ಚಿಸಿ, ಜಗಳಾಡಿದ್ದರಿಂದ ಕನ್ನಡದ ಯೋಚನೆಗೆ ಏನೆಲ್ಲ ಬಂತೆಂಬುದನ್ನು ನಾವು ಓದಿ ಬಲ್ಲೆವು.

*

ಹಾಸ್ಟೆಲು ಸಿಗದವರಿಗೆ ಉತ್ತರ ಕರ್ನಾಟಕ ಇನ್ನೊಂದು ದಾರಿ ಕಂಡುಕೊಂಡಿತು: ಖೋಲಿ. ಮೂರು ನಾಲ್ಕು ಹುಡುಗರು ಸೇರಿ ಧಾರವಾಡದಲ್ಲೋ ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಒಂದು ಖೋಲಿ ಬಾಡಿಗೆ ಹಿಡಿಯುತ್ತಾರೆ. ಊಟ ಬರುವುದು ಊರಿಂದ. ಬೆಳಗಿನ ಬಸ್ಸಿನಲ್ಲಿ ಅವ್ವ ಕಟ್ಟಿದ ಬುತ್ತಿಯನ್ನು ಕಂಡಕ್ಟರಿಗೆ ಒಪ್ಪಿಸಿದರೆ, ಬಸ್‌ಸ್ಟ್ಯಾಂಡಿನಲ್ಲಿ ಕಾದಿರುವ ಮಗ ಇಳಿಸಿಕೊಳ್ಳುತ್ತಾನೆ, ಖಾಲಿ ಡಬ್ಬಿಯನ್ನು ತಿರುಗುವ ಬಸ್ಸಿಗೆ ಹಾಕುತ್ತಾನೆ. ಬಟ್ಟೆಯ ಗಂಟಿನ ಮೇಲೆ ಊರಿನ, ಹುಡುಗನ ಹೆಸರು. ಒಳಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಹಬ್ಬವಾದರೆ ಹೋಳಿಗೆ. ಒಬ್ಬನ ಬುತ್ತಿ ಬರದ ದಿನ ಉಳಿದ ಮೂವರ ಬುತ್ತಿ ನಾಲ್ಕು ಪಾಲಾಗುತ್ತದೆ. ಬಸ್ಸು ಕೆಟ್ಟು ನಿಂತ ದಿನ ನಾಲ್ವರೂ ಒಗ್ಗರಣಿ ಅವಲಕ್ಕಿ ತಿಂದು ಮಲಗುತ್ತಾರೆ.

ಖೋಲಿಯ ವಿಶೇಷ ಇಲ್ಲಿದೆ: ಅಲ್ಲಿ ಯಾರ ಜೊತೆ ಇರಬೇಕೆಂದು ಮಠವೂ ಹೇಳುವುದಿಲ್ಲ, ಸರ್ಕಾರವೂ ಹೇಳುವುದಿಲ್ಲ. ಹುಡುಗರೇ ಆರಿಸಿಕೊಳ್ಳುತ್ತಾರೆ. ಅನೇಕ ಸಲ ಊರವರೇ, ಜಾತಿಯವರೇ ಸೇರುತ್ತಾರೆ. ಕೆಲವು ಸಲ ಬಾಡಿಗೆಯ ಅಡಚಣೆಯಿಂದಲೋ ಪರೀಕ್ಷೆಯ ತಯಾರಿಯಿಂದಲೋ ಬೇರೆಯವನೊಬ್ಬ ಬಂದು ಸೇರುತ್ತಾನೆ, ಅವನ ಅವ್ವನ ರೊಟ್ಟಿಯೂ ಅದೇ ತಾಟಿಗೆ ಬರುತ್ತದೆ. ಜಾತಿ ಕೇಳುವ ಮನೆಮಾಲೀಕನ ಎದುರು ಗೆಳೆಯನ ಅಡ್ಡಹೆಸರನ್ನು ಮರೆಮಾಚಿ ಅವನನ್ನು ಒಳಗೆ ಕರೆದುಕೊಳ್ಳುವ ಹುಡುಗರು ಇದ್ದಾರೆ. ಹಾಗೆ ಮರೆಮಾಚಬೇಕಾದ ಪರಿಸ್ಥಿತಿಯೂ ಇನ್ನೂ ಇದೆ.

ಹುಡುಗಿಯರಿಗೆ ಈ ದಾರಿಗಳು ಬಹಳ ತಡವಾಗಿ ತೆರೆದವು. ಅನುಭವ ಮಂಟಪದ ನೆನಪಿನಲ್ಲಿ ಲಕ್ಕಮ್ಮ, ಸತ್ಯಕ್ಕರ ಹೆಸರುಗಳಿವೆ. ಪ್ರಸಾದನಿಲಯಗಳ ಚರಿತ್ರೆಯಲ್ಲಿ ಬಹುಕಾಲ ಹುಡುಗಿಯರ ಹೆಸರೇ ಇಲ್ಲ. ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭವಾದದ್ದು 2003ರಲ್ಲಿ. ಖೋಲಿ ಮಾಡಿಕೊಂಡಿರಲು ಮನೆಯವರು ಒಪ್ಪದ ಹುಡುಗಿಯರು ಇಲಕಲ್ಲು, ಹುನಗುಂದ, ಅಮೀನಗಡಗಳಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಟಿಕೀಟಿನ ಖರ್ಚೂ ತಪ್ಪಿದೆ. ಅವರ ಹಾಸ್ಟೆಲು, ಖೋಲಿ, ಮಂಟಪ ಎಲ್ಲವೂ ಆ ಬಸ್ಸೇ. ಕಾಲೇಜಿನಲ್ಲಿ ಬೇರೆ ಬೇರೆ ವಿಭಾಗ, ಊರಲ್ಲಿ ಬೇರೆ ಬೇರೆ ಓಣಿ, ಬಸ್ಸಿನಲ್ಲಿ ಮಾತ್ರ ಒಂದು ಸೀಟಿನಲ್ಲಿ ಮೂವರು. ಮನೆಯಲ್ಲೂ ಹೇಳಲಾಗದ, ಕಾಲೇಜಿನಲ್ಲೂ ಹೇಳಲಾಗದ ಮಾತುಗಳಿಗೆ ಆ ಒಂದು ತಾಸೇ ಜಾಗ.

*

ಇಂದಿನ ವಿದ್ಯಾರ್ಥಿಗೆ ಅನ್ನದ ದಾರಿಗಳು ಹೆಚ್ಚಿವೆ. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯ ಹಣ ಖಾತೆಗೆ ಬರುತ್ತದೆ. ಅದರಿಂದ ಹೊಟ್ಟೆ ತುಂಬುತ್ತದೆ. ಖಾತೆಗೆ ಬಂದ ಹಣ ಪಂಕ್ತಿಯನ್ನು ಕಟ್ಟಿಕೊಡುವುದಿಲ್ಲ. ಮೊಬೈಲಿನಲ್ಲಿ ಊರಿನ ಗೆಳೆಯರು, ಜಾತಿಯ ಗುಂಪು, ತಾಲ್ಲೂಕಿನ ಗುಂಪು ಎಲ್ಲ ಜೊತೆಗೇ ಬರುವುದರಿಂದ ಹುಡುಗ ಊರು ಬಿಟ್ಟೂ ಬಿಡದಂತೆ ಇರಬಹುದು. ಹೊಸ ಊರಿಗೆ ಬಂದವನಿಗೆ ಮೊದಲು ಎರಡು ತಿಂಗಳು ಕಾಡುತ್ತಿದ್ದ ಒಂಟಿತನ ಈಗ ಕಡಿಮೆಯಾಗಿರಬಹುದು. ಆ ಒಂಟಿತನ ಅವನನ್ನು ಅಪರಿಚಿತನ ಪಕ್ಕಕ್ಕೆ ದೂಡುತ್ತಿತ್ತು ಎಂಬುದೂ ನಿಜ. ಮುಂಬಯಿಯಲ್ಲಿ ಹಳಕಟ್ಟಿಯವರ ಜೇಬಿನಲ್ಲಿ ಧಾರವಾಡದ ಓಣಿಯೇ ಇದ್ದಿದ್ದರೆ ಅವರು ಆಲೂರರನ್ನು ಹುಡುಕಿಕೊಂಡು ಹೋಗುತ್ತಿದ್ದರೋ ಇಲ್ಲವೋ.

ಪ್ರತಿವರ್ಷ ಜೂನ್, ಜುಲೈ ತಿಂಗಳಲ್ಲಿ ಬಾಗಲಕೋಟೆಯ ನವನಗರದ ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು, ಹಾಸಿಗೆ ಸುರುಳಿ, ರೊಟ್ಟಿಯ ಗಂಟು ಹಿಡಿದ ಹೊಸ ಹುಡುಗ ಹುಡುಗಿಯರು ಇಳಿಯುತ್ತಾರೆ. ಅವರನ್ನು ಕಳಿಸುವಾಗ ಮನೆಯವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ನಮ್ಮವರ ಜೊತೆ ಇರು. ಅದು ಪ್ರೀತಿಯ ಮಾತೇ, ಭಯದ ಮಾತೂ ಹೌದು. ಕೂಡಲಸಂಗಮಕ್ಕೆ ಬಂದ ಹುಡುಗ ಆ ಮಾತು ಕೇಳಿದ್ದರೆ ಬಾಗೇವಾಡಿಯಲ್ಲೇ ಉಳಿಯುತ್ತಿದ್ದ. ಅವರು ‘ನಮ್ಮವರು’ ಎಂಬ ಪದವನ್ನು ಬಿಡಲಿಲ್ಲ, ಅದರೊಳಗೆ ಬರುವವರ ಪಟ್ಟಿಯನ್ನು ಬದಲಿಸಿದರು. ಹೊಸ ಊರಿನಲ್ಲಿ ಮೊದಲ ರಾತ್ರಿ ಊಟಕ್ಕೆ ಕೂರುವ ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಆ ಪಟ್ಟಿ ಇದೆ. ಪಕ್ಕದ ಜಾಗ ಖಾಲಿ ಇದ್ದಾಗ ಯಾರನ್ನು ಕರೆಯುತ್ತೀರಿ ಎಂಬುದರಿಂದ ಅದು ತುಂಬುತ್ತ ಹೋಗುತ್ತದೆ.